ಆಪರೇಷನ್ ನೋವಿಗೆ ಕಿವಿಯಲ್ಲಿ ಕರೆಂಟು: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಆಪರೇಷನ್ ವಾರ್ಡಿನ ಸಿಸ್ಟರ್. ಕೆಲವು ತಿಂಗಳಿಂದ ಒಂದು ವಿಡಿಯೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಕಿವಿಯ ಹಿಂದೆ ಪುಟ್ಟ ಡಬ್ಬಿ ಅಂಟಿಸಿಕೊಂಡ ಹೆಂಗಸೊಬ್ಬರು, ಮೊಣಕಾಲು ಆಪರೇಷನ್ ಆದ ಮರುದಿನವೇ ನಗುತ್ತಾ ನಡೆಯುತ್ತಾರೆ. ಅದನ್ನು ನೋಡಿ ಆಳಂದದವರು, ಸೇಡಂದವರು, ಚಿಂಚೋಳಿಯವರು ಫೋನನ್ನು ನನ್ನ ಮುಖದ ಮುಂದೆ ಹಿಡಿದು ಕೇಳುತ್ತಾರೆ: "ಸಿಸ್ಟರ್, ಇದು ನಮ್ಮ ಅವ್ವಗ ಹಾಕ್ತೀರೇನ್ರಿ?" ಒಬ್ಬೊಬ್ಬರಿಗೂ ಹೇಳಿ ಬಾಯಿ ಒಣಗಿತು. ಅದಕ್ಕೇ ಬರೆದಿಟ್ಟೆ.

ಏನಿದು ಯಂತ್ರ?

ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ, ಬ್ಯಾಟರಿ ಇರುವ ಡಬ್ಬಿ. ಕಿವಿಯ ಹಿಂದಿನ ಎಲುಬಿನ ಮೇಲೆ ಅಂಟಿಸುತ್ತಾರೆ. ಅದರಿಂದ ಮೂರ್ನಾಲ್ಕು ಕೂದಲೆಳೆಯಂಥ ವೈರು ಹೊರಟು ಕಿವಿಯ ಬೇರೆ ಬೇರೆ ಜಾಗಕ್ಕೆ ಬರುತ್ತವೆ. ವೈರಿನ ತುದಿಯಲ್ಲಿ ಸುಮಾರು ಎರಡು ಮಿಲಿಮೀಟರಿನ ಪುಟಾಣಿ ಸೂಜಿಗಳು. ಅವು ಚರ್ಮದೊಳಗೆ ಅಷ್ಟೇ ಇಳಿಯುತ್ತವೆ, ಮೇಲೆ ಪ್ಲಾಸ್ಟರ್. ಸಣ್ಣ ಪ್ರಮಾಣದ ಕರೆಂಟು ಬಿಟ್ಟು ಬಿಟ್ಟು ಹರಿಯುತ್ತಿರುತ್ತದೆ. ಸಾಮಾನ್ಯವಾಗಿ ಐದು ದಿನ. ಆಮೇಲೆ ತೆಗೆದು ಎಸೆಯುವುದೇ.

ಸೂಜಿ ಇಲ್ಲದ ಇನ್ನೊಂದು ಜಾತಿಯೂ ಇದೆ. ಅದು ಕಿವಿಗೆ ಸಿಕ್ಕಿಸುವ ಕ್ಲಿಪ್ಪು. ದಿನಕ್ಕೆ ಇಷ್ಟು ಹೊತ್ತು ಅಂತ ಹಾಕಿ ತೆಗೆಯುತ್ತಾರೆ.

ನೋವು ಮೊಣಕಾಲಲ್ಲಿ, ಕರೆಂಟು ಕಿವಿಯಲ್ಲಿ. ಎಲ್ಲಿಂದೆಲ್ಲಿಗೆ ಸಂಬಂಧ?

ಇದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಕೇಳಬೇಕಾದದ್ದೂ ಇದೇ.

ಕಡ್ಡಿಯಿಂದ ಕಿವಿ ಕೆರೆದುಕೊಳ್ಳುವಾಗ ಕೆಲವರಿಗೆ ಸುಮ್ನೆ ಕೆಮ್ಮು ಬರುತ್ತದೆ, ನೋಡಿದ್ದೀರಾ? ಎಲ್ಲರಿಗೂ ಬರುವುದಿಲ್ಲ, ನೂರರಲ್ಲಿ ಕೆಲವರಿಗೆ ಮಾತ್ರ. ನಮ್ಮ ಕಾಕಾಗೆ ಬರುತ್ತದೆ, ಮನೆಯವರೆಲ್ಲ ನಗುತ್ತಿದ್ದೆವು. ಕಿವಿಗೂ ಗಂಟಲಿಗೂ ಏನು ಸಂಬಂಧ? ಎರಡಕ್ಕೂ ಒಂದೇ ನರದ ಕೊಂಬೆಗಳು ಬರುತ್ತವೆ. ಅದರ ಹೆಸರು ವೇಗಸ್. ಮೆದುಳಿನಿಂದ ನೇರ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಹತ್ತನೆಯದು. ಮೆದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆ, ಕರುಳಿನವರೆಗೂ ಹೋಗುತ್ತದೆ. ಇಷ್ಟುದ್ದದ ನರ ಚರ್ಮದ ಮೇಲೆ ಸಿಗುವುದು ಕಿವಿಯಲ್ಲಿ ಮಾತ್ರ. ಕಿವಿಯ ತೂತಿನ ಸುತ್ತ ಬಟ್ಟಲಿನಂತೆ ತಗ್ಗಾಗಿರುವ ಜಾಗ ಇದೆಯಲ್ಲ, ಅಲ್ಲಿ. ಆ ಕೊಂಬೆಗೆ ಜರ್ಮನಿಯ ಅಂಗರಚನಾ ತಜ್ಞ ಫ್ರೆಡ್ರಿಕ್ ಅರ್ನಾಲ್ಡ್ ಅವರ ಹೆಸರೇ ಇದೆ, ಅರ್ನಾಲ್ಡ್ ನರ ಅಂತ. ಕಾಕಾನ ಕೆಮ್ಮಿಗೂ ಅವರದೇ ಹೆಸರು.

ಕಿವಿಗೆ ಬರುವುದು ಇದೊಂದೇ ನರವಲ್ಲ. ಕಿವಿಯ ಮುಂಭಾಗಕ್ಕೆ ಮುಖದ ಸ್ಪರ್ಶ, ನೋವು ತಿಳಿಸುವ ಟ್ರೈಜೆಮಿನಲ್ ನರದ ಕೊಂಬೆ ಬರುತ್ತದೆ. ಓಲೆ ಹಾಕುವ ಹಾಲೆಗೂ ಹಿಂಭಾಗಕ್ಕೂ ಕುತ್ತಿಗೆಯಿಂದ ಹತ್ತಿದ ನರಗಳು. ಒಂದಿಷ್ಟು ಚರ್ಮದಲ್ಲಿ ಇಷ್ಟು ನರಗಳ ಜಾತ್ರೆ ಮೈಯಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಇಲ್ಲಿ ಕೊಟ್ಟ ಕರೆಂಟು ಮೊಣಕಾಲಿಗೆ ಹೋಗುವುದಿಲ್ಲ. ಮೇಲಕ್ಕೆ, ಮೆದುಳಿನ ಬುಡಕ್ಕೆ ಹೋಗುತ್ತದೆ. ನೋವಿನ ಸುದ್ದಿಯನ್ನು ಎಷ್ಟು ಮೇಲಕ್ಕೆ ಬಿಡಬೇಕು, ಎಷ್ಟು ತಡೆಯಬೇಕು ಅಂತ ನೋಡಿಕೊಳ್ಳುವ ಕೇಂದ್ರಗಳಿಗೆ ಅಲ್ಲಿಂದ ದಾರಿ ಇದೆ. ಆ ಕೇಂದ್ರಗಳು ಚುರುಕಾದರೆ ಬೆನ್ನುಹುರಿಯ ಕಡೆಗೆ "ಸ್ವಲ್ಪ ತಡೆ" ಅನ್ನುವ ಸಂದೇಶ ಇಳಿಯುತ್ತದೆ. ಮೊಣಕಾಲು ಕೂಗುತ್ತಲೇ ಇರುತ್ತದೆ, ಮೇಲೆ ಕೇಳಿಸುವುದು ಕಡಿಮೆಯಾಗುತ್ತದೆ. ಯಂತ್ರ ಮಾಡಿದವರ ಲೆಕ್ಕಾಚಾರ ಇದು. ದಾರಿ ಇರುವುದು ನಿಜ. ಎಷ್ಟು ಕೆಲಸ ಮಾಡುತ್ತದೆ ಅನ್ನೋದು ಬೇರೆ ಪ್ರಶ್ನೆ, ಕೆಳಗೆ ಬರುತ್ತೇನೆ.

ಕರೆಂಟು ಅಂದ್ರೆ ಶಾಕ್ ಹೊಡೆಯುತ್ತಾ?

ಇಲ್ಲ. ಒಂದು ತರಬೇತಿಯಲ್ಲಿ ಕ್ಲಿಪ್ಪಿನ ಯಂತ್ರ ನನ್ನ ಕಿವಿಗೇ ಹಾಕಿಸಿಕೊಂಡು ನೋಡಿದ್ದೇನೆ. ಮೊದಲು ಏನೂ ಗೊತ್ತಾಗಲಿಲ್ಲ. ಗುಂಡಿಯನ್ನು ನಿಧಾನಕ್ಕೆ ತಿರುಗಿಸಿದ ಹಾಗೆ ಇರುವೆ ಸಾಲು ಹರಿದಂತಾಯಿತು. ಇನ್ನೂ ತಿರುಗಿಸಿದಾಗ ಚುರುಚುರು. "ಸಾಕ್ರಿ" ಅಂದೆ, ಅಲ್ಲೇ ನಿಲ್ಲಿಸಿದರು. ಐದು ನಿಮಿಷದಲ್ಲಿ ಮರೆತೇಬಿಟ್ಟೆ. ಕಿವಿ ಮಾತ್ರ ಬೆಚ್ಚಗಿತ್ತು, ಮೇಷ್ಟ್ರು ಹಿಂಡಿ ಬಿಟ್ಟ ಹಾಗೆ.

ಸೂಜಿ ಇರುವುದರಲ್ಲಿ ಹಾಕುವಾಗ ಚುಚ್ಚಿದ್ದು ತಿಳಿಯುತ್ತದೆ. ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚಿಸಿಕೊಂಡವರಿಗೆ ಅದೇನೂ ದೊಡ್ಡದಲ್ಲ.

ಇದು ಚೀನಾದ ಅಕ್ಯುಪಂಕ್ಚರ್ ಅಲ್ವಾ?

ನೆಂಟಸ್ತಿಕೆ ಇದೆ, ಆದರೆ ಒಂದೇ ಅಲ್ಲ. ಕಿವಿಯ ತುಂಬ ಚುಕ್ಕಿ ಇಟ್ಟು ಇಲ್ಲಿ ಕಾಲು, ಇಲ್ಲಿ ಹೊಟ್ಟೆ ಅಂತ ಬರೆದ ನಕ್ಷೆ ನೋಡಿರಬಹುದು. ಅದನ್ನು ಮಾಡಿದವರು ಚೀನಾದವರಲ್ಲ. ಫ್ರಾನ್ಸಿನ ಲಿಯೋನ್ ಊರಿನ ಪಾಲ್ ನೋಜಿಯೇ ಎಂಬ ವೈದ್ಯರು, 1950ರ ದಶಕದಲ್ಲಿ. ಸೊಂಟದಿಂದ ಕಾಲಿಗೆ ಇಳಿಯುವ ನೋವಿದ್ದ ಕೆಲವರು ಅವರ ಹತ್ತಿರ ಬಂದಾಗ ಕಿವಿಯ ಮೇಲೆ ಸುಟ್ಟ ಕಲೆ ಇತ್ತಂತೆ. ಯಾರೋ ನಾಟಿ ವೈದ್ಯರು ಅಲ್ಲಿ ಬರೆ ಹಾಕಿದ್ದರು, ನೋವು ಹೋಗಿದೆ ಅಂದರಂತೆ. ಅಲ್ಲಿಂದ ಅವರು ಕಿವಿಯನ್ನು ತಲೆಕೆಳಗಾಗಿ ಮಲಗಿದ ಕೂಸಿನಂತೆ ಕಲ್ಪಿಸಿ ನಕ್ಷೆ ಬರೆದರು. ನಮ್ಮ ಕಡೆಯೂ ಮೈಗೆ ಬರೆ ಹಾಕುವ ಅಜ್ಜಂದಿರು ಇದ್ದರು, ಹಾಗಾಗಿ ನನಗೆ ಈ ಕಥೆ ಪರದೇಶದ್ದು ಅನಿಸುವುದೇ ಇಲ್ಲ.

ಆ ನಕ್ಷೆಯ ಮೇಲೆ ನನಗೆ ನಂಬಿಕೆ ಕಡಿಮೆ. ಕಿವಿಯ ಒಂದು ಚುಕ್ಕಿ ಬರೀ ಮೊಣಕಾಲಿಗೆ ಅಂತ ಮೀಸಲಾದ ನರದ ದಾರಿ ಇಲ್ಲ. ಈಗಿನ ಯಂತ್ರದವರು ಚುಕ್ಕಿ ಬಿಟ್ಟು ನರ ಎಲ್ಲಿ ಓಡುತ್ತದೆ ಅಂತ ನೋಡುತ್ತಾರೆ. ಕೆಲವರು ಬೆಳಕು ಬಿಟ್ಟು ಕಿವಿಯ ರಕ್ತನಾಳ ಗುರುತಿಸಿಕೊಂಡು, ಅದಕ್ಕೆ ಚುಚ್ಚದಂತೆ ಪಕ್ಕದಲ್ಲಿ ಸೂಜಿ ಕೂರಿಸುತ್ತಾರೆ.

ಓಲೆಗೆ ಕಿವಿ ಚುಚ್ಚಿಸಿದರೂ ಇದೇ ಲಾಭ ಬರಬೇಕಲ್ವಾ?

ಬರುವುದಿಲ್ಲ. ಹಾಲೆಯಲ್ಲಿ ಇರುವುದು ಕುತ್ತಿಗೆಯ ನರ, ವೇಗಸ್ ಅಲ್ಲ. ಓಲೆ ಕರೆಂಟೂ ಕೊಡುವುದಿಲ್ಲ.

ನಿಜವಾಗಿ ನೋವು ಕಡಿಮೆ ಆಗುತ್ತಾ?

ಸ್ವಲ್ಪ ಆಗಬಹುದು. ವಿಡಿಯೋದಲ್ಲಿ ತೋರಿಸಿದಷ್ಟು ಖಂಡಿತ ಅಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇಂಥ ಒಂದು ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಅದು ಆಪರೇಷನ್ ನೋವಿಗಲ್ಲ. ಅಫೀಮು ಜಾತಿಯ ಔಷಧಿಗೆ ಅಂಟಿಕೊಂಡವರು ಅದನ್ನು ಬಿಡುವಾಗ ಆಗುವ ನಡುಕ, ಬೆವರು, ಹೊಟ್ಟೆ ತೊಳಸುವಿಕೆ ತಗ್ಗಿಸೋಕೆ. 2019ರಲ್ಲಿ 11ರಿಂದ 18 ವರ್ಷದ ಮಕ್ಕಳ ಒಂದು ಬಗೆಯ ಹೊಟ್ಟೆನೋವಿಗೆ ಇನ್ನೊಂದಕ್ಕೆ ಒಪ್ಪಿಗೆ ಸಿಕ್ಕಿತು. ಆಪರೇಷನ್ ನೋವಿಗೂ ಆಗುತ್ತದೇನೋ ಅಂತ ನೋಡುವ ಕೆಲಸ ಜೋರಾಗಿದ್ದು ಇತ್ತೀಚೆಗೆ. ಅಮೆರಿಕದಲ್ಲಿ ಅಫೀಮು ಜಾತಿಯ ನೋವಿನ ಗುಳಿಗೆಗಳ ಚಟ ದೊಡ್ಡ ದುರಂತವೇ ಆಗಿದೆ. ಗುಳಿಗೆ ಕಡಿಮೆ ಮಾಡುವ ಯಾವ ದಾರಿಯಾದರೂ ಅವರಿಗೆ ಬೇಕು.

ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರಿವಳಿಕೆ ವೈದ್ಯರು ಮೊಣಕಾಲು ಕೀಲು ಬದಲಾಯಿಸಿಕೊಂಡವರ ಮೇಲೆ ಇದನ್ನು ಪ್ರಯೋಗಿಸಿದರು. ಅರ್ಧ ಜನಕ್ಕೆ ಕರೆಂಟು ಇರುವ ಯಂತ್ರ, ಅರ್ಧ ಜನಕ್ಕೆ ನೋಡೋಕೆ ಹಾಗೇ ಇದ್ದು ಕರೆಂಟು ಇಲ್ಲದ ಡಮ್ಮಿ. ಕರೆಂಟು ಸಿಕ್ಕವರಿಗೆ ಮೊದಲ ಐದು ದಿನ ನೋವೂ ಕಡಿಮೆ, ಬೇಕಾದ ಗುಳಿಗೆಯೂ ಕಡಿಮೆ. ಒಳ್ಳೆಯ ಸುದ್ದಿಯೇ. ಆದರೆ ಅದು ಹತ್ತಾರು ಜನರ ಸಣ್ಣ ಪ್ರಯೋಗ ಅಷ್ಟೇ. ಬೇರೆ ಬೇರೆ ಆಪರೇಷನ್‌ಗಳಲ್ಲಿ ನಡೆದ ಸಣ್ಣ ಪ್ರಯೋಗಗಳ ಫಲ ಒಂದೇ ಥರ ಬಂದಿಲ್ಲ. ನೂರಾರು ಜನರ ದೊಡ್ಡ ಪ್ರಯೋಗ ಬರುವ ತನಕ ನಾನಂತೂ "ಹಾಕಿಸಲೇಬೇಕು" ಅನ್ನಲಾರೆ.

ಡಮ್ಮಿ ಯಾಕೆ ಅಂತ ಒಬ್ಬರು ಸಿಟ್ಟಾಗಿ ಕೇಳಿದ್ದರು, "ಬಡಪಾಯಿಗೆ ಮೋಸ ಮಾಡಿದಂಗ ಅಲ್ಲೇನ್ರಿ?" ಮೋಸ ಅಲ್ಲ. ಅವರಿಗೆ ಮೊದಲೇ ಹೇಳಿ ಒಪ್ಪಿಗೆ ತಗೊಂಡಿರುತ್ತಾರೆ, ಗುಳಿಗೆ ಎಲ್ಲರಿಗೂ ಕೊಡುತ್ತಾರೆ. ನೋವಿನ ವಿಷಯದಲ್ಲಿ ಡಮ್ಮಿ ಬೇಕೇ ಬೇಕು. ಕಿವಿಗೆ ಏನೋ ಮಿಣಮಿಣ ಅನ್ನೋದು ಕಟ್ಟಿ, ಡಾಕ್ಟರ್ ದಿನಾ ಬಂದು ಮಾತಾಡಿಸಿದರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ವಾರ್ಡಿನಲ್ಲಿ ಇದನ್ನು ದಿನಾ ನೋಡುತ್ತೇನೆ. ಹೈದರಾಬಾದಿಂದ ಮಗ ಬಂದು ಕೈ ಹಿಡಿದ ದಿನ ಎಷ್ಟೋ ಅವ್ವಂದಿರು ರಾತ್ರಿಯ ಸೂಜಿಯನ್ನೇ ಕೇಳುವುದಿಲ್ಲ.

ಹಾಗಾದರೆ ಇದು ಹಾಕಿದರೆ ನೋವಿನ ಗುಳಿಗೆ ಬೇಡವೇ?

ಬೇಕು. ಇದು ಜೊತೆಗೆ ಸೇರಿಸುವುದು, ಗುಳಿಗೆಯ ಬದಲಿಗೆ ಅಲ್ಲ.

ಆಪರೇಷನ್ ನೋವನ್ನು ಒಂದೇ ಔಷಧಿಯಿಂದ ಹೊಡೆಯೋಕೆ ಹೋದರೆ ಆ ಔಷಧಿ ಜಾಸ್ತಿ ಬೇಕಾಗುತ್ತದೆ, ತೊಂದರೆಯೂ ಜಾಸ್ತಿ. ಅದಕ್ಕೆ ಈಗ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಸೇರಿಸುತ್ತಾರೆ. ಬೆನ್ನಿಗೆ ಕೊಟ್ಟ ಸೂಜಿಯ ಬಲ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಷ್ಟರೊಳಗೆ ಆಪರೇಷನ್ ಜಾಗಕ್ಕೆ ಬರುವ ನರದ ಸುತ್ತ ಮರಗಟ್ಟಿಸುವ ಔಷಧಿ ಹಾಕಬಹುದು. ಅದನ್ನು ನರ್ವ್ ಬ್ಲಾಕ್ ಅನ್ನುತ್ತಾರೆ. ಕೇಳಲೇಬೇಕಾದ್ದು ಅಂದರೆ ನನ್ನ ಪ್ರಕಾರ ಅದು. ಮೊಣಕಾಲಿಗಾಗಲಿ, ಸಿಸೇರಿಯನ್‌ಗಾಗಲಿ, "ಬ್ಲಾಕ್ ಕೊಡ್ತೀರಾ ಸಾರ್?" ಅಂತ ಅರಿವಳಿಕೆ ಡಾಕ್ಟರನ್ನು ಆಪರೇಷನ್ ಹಿಂದಿನ ದಿನವೇ ಕೇಳಿ.

ಅದರ ಮೇಲೆ ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್. ಸುಮ್ನೆ ಜ್ವರದ ಗುಳಿಗೆ ಅಂತ ಮೂಗು ಮುರಿಯಬೇಡಿ, ತಪ್ಪದೆ ತಗೊಂಡರೆ ಅದೇ ಬುನಾದಿ. ಆದರೆ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. 650ರ ಗುಳಿಗೆಯಾದರೆ ಆರಕ್ಕೆ ನಿಲ್ಲಿಸಬೇಕು. ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ನೆಗಡಿ ಗುಳಿಗೆಯಲ್ಲೂ ಇದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡೈಕ್ಲೋಫೆನಾಕ್ ಥರದ ನೋವಿನ ಗುಳಿಗೆಗಳು ಕಿಡ್ನಿಗೆ, ಹೊಟ್ಟೆ ಹುಣ್ಣಿಗೆ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಮೈಯ ನೀರು ಬತ್ತಿದವರಿಗೆ ಇನ್ನೂ ಹುಷಾರು. ಅಫೀಮು ಜಾತಿಯ ಟ್ರಮಡಾಲ್‌ನಿಂದ ವಾಂತಿ, ತಲೆಸುತ್ತು, ಮಲಬದ್ಧತೆ. ಕಿವಿಯ ಯಂತ್ರದಿಂದ ಇಂಥ ಗುಳಿಗೆ ಎರಡು ಕಡಿಮೆಯಾದರೂ ಅದೇ ಲಾಭ.

ಸ್ವಲ್ಪ ನೋವು ತಡ್ಕೋಬೇಕಲ್ವಾ? ಎಲ್ಲದಕ್ಕೂ ಸಿಸ್ಟರ್ ಅಂತ ಕರೆಯೋದು ಸರಿಯಾ?

ಇದನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಮುಖದ ಮೇಲೆ ಓದಬೇಕು.

ನನ್ನ ಅವ್ವಗೇ ಎರಡು ವರ್ಷದ ಹಿಂದೆ ಮೊಣಕಾಲು ಬದಲಾಯಿಸಿದರು. ಎರಡನೇ ರಾತ್ರಿ ನಾನೇ ಜೊತೆಗಿದ್ದೆ. ಎರಡು ಗಂಟೆ ಸುಮಾರಿಗೆ ಬಳೆ ಸದ್ದಿಗೆ ಎಚ್ಚರವಾಯಿತು. ಮಂಚದ ಕಬ್ಬಿಣದ ಸರಳು ಹಿಡಿದಿದ್ದಾಳೆ, ಬಳೆ ಅದಕ್ಕೆ ತಾಗಿ ಕಿಣಿಕಿಣಿ ಅನ್ನುತ್ತಿದೆ. ಸೆರಗಿನ ತುದಿ ಹಲ್ಲಿನ ನಡುವೆ. "ಹತ್ತರೊಳಗ ಎಷ್ಟ್ ನೋವು ಹೇಳವ್ವಾ" ಅಂದೆ. "ಎರಡು" ಅಂದಳು. ಕೆಲಸಕ್ಕೆ ಸೇರಿದಾಗಿನಿಂದ ಆ ಪ್ರಶ್ನೆ ಕೇಳುತ್ತಿದ್ದವಳು ಅವತ್ತಿಂದ ಬಿಟ್ಟೆ. ಈಗ ಬೇರೆ ಕೇಳುತ್ತೇನೆ. ಎದ್ದು ಬಚ್ಚಲಿಗೆ ಹೋಗೋಕಾಗುತ್ತಾ? ಉಸಿರು ಪೂರ್ತಿ ಎಳೆಯೋಕಾಗುತ್ತಾ? ಕೆಮ್ಮೋಕಾಗುತ್ತಾ? ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆ? ಆಗಲ್ಲ ಅಂದರೆ ನೋವು ಎರಡಲ್ಲ.

ತಡೆದುಕೊಂಡರೆ ಶೌರ್ಯ ಪ್ರಶಸ್ತಿ ಏನೂ ಕೊಡುವುದಿಲ್ಲ. ಹೊಟ್ಟೆ ಆಪರೇಷನ್ ಆದವರು ನೋವಿಗೆ ಹೆದರಿ ಮೇಲುಮೇಲೆ ಉಸಿರಾಡಿದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ನಡೆಯದೆ ಮಲಗಿದರೆ ಕಾಲಿನ ರಕ್ತ ಹೆಪ್ಪುಗಟ್ಟಬಹುದು. ಹೊಸ ಮೊಣಕಾಲು ಮಡಚದೆ ಬಿಟ್ಟರೆ ಬಿಗಿದುಕೊಳ್ಳುತ್ತದೆ. ಹಾಗಂತ ಆರಾಮ ಅನಿಸುತ್ತದೆ ಅಂತ ಮೊಣಕಾಲ ಕೆಳಗೆ ದಿಂಬು ಇಟ್ಟು ಮಲಗಬೇಡಿ, ಕಾಲು ಪೂರ್ತಿ ನೇರ ಆಗುವುದೇ ಇಲ್ಲ. ಇಡುವುದಿದ್ದರೆ ಹಿಮ್ಮಡಿ ಕೆಳಗೆ ಇಡಿ. ಗುಳಿಗೆಯನ್ನು ನೋವು ಏರಿದ ಮೇಲೆ ಅಲ್ಲ, ಏರುವ ಮೊದಲು, ವ್ಯಾಯಾಮಕ್ಕೆ ಅರ್ಧ ತಾಸು ಮುಂಚೆ ತಗೊಳ್ಳಿ.

ಯಾರಿಗೆ ಈ ಯಂತ್ರ ಹಾಕಬಾರದು?

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಶಾಕ್ ಕೊಡುವ ಮಷೀನು ಇದ್ದವರಿಗೆ ಬೇಡ. ಕಿವುಡಿಗೆ ಅಂತ ಕಿವಿಯೊಳಗೆ ಕೂರಿಸಿದ ಯಂತ್ರ (ಕಾಕ್ಲಿಯರ್ ಇಂಪ್ಲಾಂಟ್) ಇದ್ದವರಿಗೆ ಬೇಡ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಇದ್ದವರಿಗೆ ಬೇಡ. ಕಿವಿಯ ಮೇಲೆ ಇಸುಬು, ಸೋರಿಯಾಸಿಸ್, ಗಾಯ, ಕೀವು ಇದ್ದರೆ ಬೇಡ. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು, ಹೃದಯದ ಬಡಿತ ತೀರಾ ನಿಧಾನ ಇರುವವರು, ಫಿಟ್ಸ್ ಬರುವವರು, ಗರ್ಭಿಣಿಯರು ಡಾಕ್ಟರಿಗೆ ಮೊದಲೇ ಹೇಳಬೇಕು. ವೇಗಸ್ ನರ ಹೃದಯಕ್ಕೂ ಹೋಗುತ್ತದೆ ಅಂದೆನಲ್ಲ, ಅದಕ್ಕೇ ಈ ಎಚ್ಚರ. ಕ್ಲಿಪ್ಪಿನ ಜಾತಿಯನ್ನು ಹೆಚ್ಚಾಗಿ ಎಡಗಿವಿಗೇ ಹಾಕುವ ರೂಢಿ ಬಂದದ್ದೂ ಇದರಿಂದಲೇ. ಹೃದಯದ ಬಡಿತ ಶುರುವಾಗುವ ಜಾಗಕ್ಕೆ ಬಲಗಡೆಯ ವೇಗಸ್ ಹೆಚ್ಚು ಹತ್ತಿರದ ನಂಟು.

ಎಂಆರ್‌ಐಗೆ ಹೋಗುವ ಮುಂಚೆ ತೆಗೆಯಲೇಬೇಕು. ಮರೆಯಬೇಡಿ.

ತೊಂದರೆ ಏನಾದರೂ ಆಗುತ್ತಾ?

ಸಾಮಾನ್ಯವಾಗಿ ಸಣ್ಣಪುಟ್ಟವು. ಸೂಜಿ ಜಾಗದಲ್ಲಿ ಒಂದು ಹನಿ ರಕ್ತ, ತುರಿಕೆ, ಪ್ಲಾಸ್ಟರ್ ಕೆಳಗೆ ಕೆಂಪು. ಕೆಲವರಿಗೆ ತಲೆ ಸುತ್ತುತ್ತದೆ. ಅಪರೂಪಕ್ಕೆ ಒಬ್ಬರು ಕಣ್ಣು ಕತ್ತಲೆ ಬಂದು ಕುಸಿಯಬಹುದು, ಹಾಗಾಗಿ ಹಾಕುವಾಗ ಕೂರಿಸದೆ ಮಲಗಿಸುವುದು ಒಳ್ಳೆಯದು. ಕಿವಿ ಊದಿ ಬಿಸಿಯಾಗಿ ಕೀವು ಕಂಡರೆ ತೆಗೆಸಿಬಿಡಿ. ಕಿವಿಯ ಮೆಲ್ಲೆಲುಬಿಗೆ ಸೋಂಕು ತಗುಲಿದರೆ ಬೇಗ ವಾಸಿಯಾಗುವುದಿಲ್ಲ.

ಬುಗುಡಿ, ಝುಮಕಿ ತೆಗೀಬೇಕಾ? ಸ್ನಾನ? ಸೆರಗು?

ಆ ಕಿವಿಯದು ಎಲ್ಲ ತೆಗೆಯಬೇಕು. ನಮ್ಮ ಕಡೆಯ ಅಜ್ಜಿಯರು ಬುಗುಡಿ ತೆಗೆಯೋಕೆ ಸುಲಭಕ್ಕೆ ಒಪ್ಪುವುದಿಲ್ಲ. ನಲವತ್ತು ವರ್ಷದಿಂದ ತಿರುಪು ಬಿಚ್ಚಿಲ್ಲ ಅನ್ನುತ್ತಾರೆ. ಕೊಬ್ಬರಿ ಎಣ್ಣೆ ಬಿಟ್ಟು, ಹೊತ್ತು ಕೊಟ್ಟು, ಹಿಂದಿನ ಸಂಜೆಯೇ ಮನೆಯಲ್ಲಿ ಬಿಚ್ಚಿಸಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಆ ಗಲಾಟೆ ಬೇಡ. ಆಮೇಲೆ ಎಣ್ಣೆ ಪೂರ್ತಿ ತೊಳೆದಿರಬೇಕು, ಜಿಡ್ಡಿನ ಮೇಲೆ ಪ್ಲಾಸ್ಟರ್ ನಿಲ್ಲುವುದಿಲ್ಲ.

ತಲೆಗೆ ನೀರು ಬೇಡ, ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ, ಯಾದಗಿರಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಕರೆಂಟು ಹೋಗಿ ಫ್ಯಾನು ನಿಂತರೆ ಕಿವಿ ಹಿಂದೆ ಬೆವರು ಸುರಿದು ಅಂಟು ಬಿಡುತ್ತದೆ. ಹತ್ತಿಯಿಂದ ಒತ್ತಿ ಒತ್ತಿ ಒರೆಸಿ, ತಿಕ್ಕಬೇಡಿ. ಸೂಜಿ ಹೊರಗೆ ಬಂದರೆ ಮನೆಯಲ್ಲೇ ಮತ್ತೆ ಚುಚ್ಚೋಕೆ ಹೋಗಬೇಡಿ.

ಸೆರಗು ತಲೆಯ ಮೇಲೆ ಎಳೆದುಕೊಳ್ಳುವಾಗ ವೈರು ಸಿಕ್ಕಿಕೊಳ್ಳುತ್ತದೆ. ಗಂಡಸರ ರುಮಾಲಿಗೂ ಇದೇ ಕಥೆ, ಹೆಲ್ಮೆಟ್ಟಿಗೂ ಅಷ್ಟೇ. ಕನ್ನಡಕದ ಕಡ್ಡಿ ಇರುವವರು ಇನ್ನೊಂದು ಕಿವಿಗೆ ಹಾಕಲಾಗುತ್ತದೆಯೇ ಅಂತ ಕೇಳಿದರೆ ನಾನು ನಗುತ್ತೇನೆ. ಕನ್ನಡಕಕ್ಕೆ ಎರಡೂ ಕಿವಿ ಬೇಕಲ್ಲ! ಐದು ದಿನ ಸ್ವಲ್ಪ ಸೊಟ್ಟ ಹಾಕಿಕೊಳ್ಳಿ.

ಫಿಸಿಯೋಥೆರಪಿಯವರು ಹಿಡಿಸುವ ಕರೆಂಟೂ ಇದೇನಾ?

ಅಲ್ಲ. ಅದು ಟೆನ್ಸ್. ಅದನ್ನು ನೋವಿರುವ ಜಾಗದ ಹತ್ತಿರವೇ ಅಂಟಿಸುತ್ತಾರೆ. ಮಂಡಿ ಹೊಸ್ತಿಲಿಗೆ ತಾಗಿದಾಗ ಕೈ ತಾನಾಗಿ ಹೋಗಿ ಉಜ್ಜುತ್ತದಲ್ಲ, ಅದೇ ತತ್ವ. ಉಜ್ಜಿದ ಸುದ್ದಿ ಬೆನ್ನುಹುರಿಯ ಬಾಗಿಲಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ ಅಂತ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು 1965ರಲ್ಲಿ ಹೇಳಿದರು. ಟೆನ್ಸ್ ಅಗ್ಗ, ನಮ್ಮೂರಲ್ಲೂ ಸಿಗುತ್ತದೆ. ಗಾಯದ ಮೇಲೆ ನೇರವಾಗಿ ಇಡದೆ, ಆಚೀಚೆ ಇಟ್ಟು ಬಳಸಬಹುದು.

ಆನ್‌ಲೈನಿನಲ್ಲಿ ಕಿವಿ ಕ್ಲಿಪ್ಪು ತರಿಸಿ ಮನೆಯಲ್ಲೇ ಹಾಕಬಹುದಾ?

ಆಪರೇಷನ್ ಆದ ವಾರದಲ್ಲಿ ಬೇಡ. ಮೈಯ ಟೆನ್ಸ್ ಮಷೀನಿಗೆ ಕಿವಿ ಕ್ಲಿಪ್ಪು ಸಿಕ್ಕಿಸಿ ಮಾರುವವರಿದ್ದಾರೆ, ಕರೆಂಟಿನ ಅಳತೆ ನಿಮಗೆ ಗೊತ್ತಾಗುವುದಿಲ್ಲ. ಕುತ್ತಿಗೆಯ ಮುಂಭಾಗಕ್ಕಂತೂ ಯಾವ ಪಟ್ಟಿಯನ್ನೂ ಅಂಟಿಸಬೇಡಿ. ಅಲ್ಲಿ ಒತ್ತಡ ಅಳೆಯುವ ನರಗಳಿವೆ, ಬಿಪಿ ಧಡಕ್ಕನೆ ಇಳಿಯಬಹುದು.

ಕಲಬುರಗಿ, ಬೀದರ್ ಕಡೆ ಸಿಗುತ್ತಾ? ಖರ್ಚು?

ಎಲ್ಲ ದವಾಖಾನೆಯಲ್ಲಿ ಸಿಗುವ ವಸ್ತು ಅಲ್ಲ. ಇದೊಂದಕ್ಕೋಸ್ಕರ ಸೋಲಾಪುರಕ್ಕೋ ಹೈದರಾಬಾದಿಗೋ ಗಾಡಿ ಮಾಡಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಆ ದುಡ್ಡಿನಲ್ಲಿ ಒಂದು ತಿಂಗಳು ಫಿಸಿಯೋಥೆರಪಿಯವರನ್ನು ಮನೆಗೇ ಕರೆಸಬಹುದು. ಯಾರಾದರೂ ಹಾಕುತ್ತೇವೆ ಅಂದರೆ ಯಂತ್ರದ ಬೆಲೆ ಬಿಲ್ಲಿನಲ್ಲಿ ಬೇರೆ ಬರುತ್ತದಾ ಅಂತ ಮೊದಲೇ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡಿನಲ್ಲಿ ಆಪರೇಷನ್ ಆಗುತ್ತಿದ್ದರೆ ಕೌಂಟರಿನ ಆರೋಗ್ಯಮಿತ್ರರನ್ನು ಕೇಳಿ, ಪ್ಯಾಕೇಜಿನ ಹೊರಗೆ ಏನಾದರೂ ಕಟ್ಟಬೇಕಾ ಅಂತ. ನಮ್ಮ ಸಂಬಂಧಿಕರೊಬ್ಬರಿಗೆ ಒಂದು ಕಡೆ ಡಿಸ್ಚಾರ್ಜ್ ದಿನ "ಸ್ಪೆಷಲ್ ಪೇನ್ ಕಿಟ್" ಅಂತ ಒಂದು ಸಾಲು ಬಿಲ್ಲಿನಲ್ಲಿ ಕಂಡಿತು. ಅದೇನು ಅಂತ ಕೇಳಿದರೆ ಕೌಂಟರಿನವರಿಗೇ ಗೊತ್ತಿರಲಿಲ್ಲ.

ಯಂತ್ರ ಹಾಕಿದ್ದರೂ ಯಾವ ನೋವಿಗೆ ಓಡಿಬರಬೇಕು?

ದಿನಾ ಇಳಿಯುತ್ತಿದ್ದ ನೋವು ಒಮ್ಮೆಲೇ ಏರಿದರೆ. ಮೀನಖಂಡ ಊದಿ, ಒತ್ತಿದರೆ ನೋಯುತ್ತಿದ್ದರೆ. ಜ್ವರ, ಕೀವು, ಹೊಲಿಗೆ ಬಿಟ್ಟರೆ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ. ಎದೆನೋವು, ಉಸಿರಾಟಕ್ಕೆ ತ್ರಾಸ ಆದರೆ 108ಕ್ಕೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ.

ಐದು ದಿನ ಆದ ಮೇಲೆ?

ಬ್ಯಾಟರಿ ತಾನೇ ಮುಗಿಯುತ್ತದೆ. ತೆಗೆಸೋಕೆ ದವಾಖಾನೆಗೇ ಬನ್ನಿ, ಸೂಜಿ ಎಷ್ಟು ಹಾಕಿದ್ದರೋ ಅಷ್ಟೂ ಹೊರಗೆ ಬಂತಾ ಅಂತ ಎಣಿಸಬೇಕು. ಸೂಜಿ ಹೋಗುವುದು ನಮ್ಮ ಬಿಳಿ ಡಬ್ಬಿಗೆ, ಮನೆಯ ಕಸಕ್ಕಲ್ಲ. ಕಸ ಆರಿಸುವವರ ಕೈಗೆ ಚುಚ್ಚುತ್ತದೆ. ಚುಚ್ಚಿದ ಜಾಗ ಒಣಗೋಕೆ ಎರಡು ಮೂರು ದಿನ ಬಿಡಿ. ಆಮೇಲೆ ಬುಗುಡಿ ಹಾಕಬಹುದು. ತಡ ಮಾಡಿದರೆ ತೂತು ಮುಚ್ಚಿಕೊಂಡು ಅಜ್ಜಿ ಬೈಯುವುದು ನನ್ನನ್ನೇ.